ಹಿತ್ತಲ ಮಾತು

ಬೆನ್ನ ಮೇಲೆ ಮೊದಲ ಚೊಂಬು ನೀರು ಬಿದ್ದಾಗ ಷಣ್ಮುಖಪ್ಪನಿಗೆ ಅಳು ಬರುವ ಹಾಗಾಯಿತು. ವಿಷಮಶೀತ ಜ್ವರದಲ್ಲಿ ಮಲಗಿ ಎದ್ದ ಮೇಲೆ ಇದು ಮೊದಲ ಸ್ನಾನ. ಮೈಗೆ ನೀರು ಹಾಕಬಹುದು ಎಂದು ಆಸ್ಪತ್ರೆಯ ಡಾಕ್ಟರು ಹಿಂದಿನ ದಿನ ಒಪ್ಪಿಗೆ ಕೊಟ್ಟಿದ್ದರು. ಹೆಂಡತಿ ನೀಲಾಂಬಿಕೆ ಬೆಳಗ್ಗೆ ಎದ್ದವಳೇ ಹಂಡೆಗೆ ಉರಿ ಹಾಕಿದ್ದಳು. ಬಚ್ಚಲ ಮಣೆಯ ಮೇಲೆ ಮಂಡಿ ಮಡಿಸಿ ಕೂತಿದ್ದ ಅವನಿಗೆ ತನ್ನ ಕಾಲುಗಳು ಬೇರೆ ಯಾರವೋ ಎನ್ನುವಷ್ಟು ಸಣ್ಣಗೆ ಕಂಡವು. ನೀರು ಕುತ್ತಿಗೆಯಿಂದ ಇಳಿದು, ಬೆನ್ನ ನಡುವೆ ಹಾದು, ಸೊಂಟದ ಹತ್ತಿರ ಒಡೆದು ಹರಿಯುವುದನ್ನು ಕಣ್ಣು ಮುಚ್ಚಿಕೊಂಡು ಹಿಂಬಾಲಿಸಿದ. ಸೌದೆಯ ಹೊಗೆ, ಸೀಗೆಪುಡಿಯ ಒಗರು, ಒದ್ದೆ ಕಲ್ಲಿನ ವಾಸನೆ ಎಲ್ಲವೂ ಒಂದೊಂದಾಗಿ ಬಂದು ಮೂಗಿಗೆ ತಾಗಿದವು. ಐವತ್ತು ವರ್ಷ ಈ ಮೈಮೇಲೆ ನೀರು ಸುರಿದುಕೊಂಡಿದ್ದೇನೆ, ನೀರು ಹೀಗಿರುತ್ತದೆ ಎಂದು ಯಾರೂ ಹೇಳಲಿಲ್ಲವಲ್ಲ ಅನ್ನಿಸಿತು. ಮರುಕ್ಷಣವೇ, ಹೇಳಿದ್ದಳು, ಹೇಳುತ್ತಲೇ ಇದ್ದಳು ಎಂಬುದು ನೆನಪಾಯಿತು. ಅವನ ಬಾಯಿಂದ ‘ಹಾ’ ಎಂದೊಂದು ಸದ್ದು ಹೊರಟಿತು. ಹಿಂದೆ ನಿಂತಿದ್ದ ನೀಲಾಂಬಿಕೆಯ ಕೈ ತಟ್ಟನೆ ನಿಂತಿತು. ಬಿಸಿ ಜಾಸ್ತಿಯಾಯಿತೇ, ತಣ್ಣೀರು ಬೆರೆಸಲೇ ಎಂದು ಕೇಳಿದಳು. ಇಲ್ಲ, ಹಿತವಾಗಿದೆ ಎಂದು ಹೇಳಬೇಕೆಂದುಕೊಂಡ. ಬಾಯಿಗೆ ಬಂದದ್ದು ‘ಸರಿಯಾಗಿದೆ’ ಎಂಬ ಮಾತು. ಅಂಗಡಿಯಲ್ಲಿ ಬಟ್ಟೆ ಅಳೆದು ಮಡಿಸುವಾಗ ಹೇಳುವ ಅದೇ ಧ್ವನಿಯಲ್ಲಿ ಅದು ಹೊರಬಿತ್ತು. ಆದರೂ ಅವಳು ಹಂಡೆಯ ಪಕ್ಕದ ಕೊಳಗದಿಂದ ಒಂದು ಚೊಂಬು ತಣ್ಣೀರು ಬೆರೆಸಿಯೇಬಿಟ್ಟಳು. ಆಮೇಲೆ ಬಿದ್ದ ನೀರು ಬರೀ ನೀರಾಗಿತ್ತು.

ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಮನಸ್ಸು ಅಡುಗೆಮನೆಯ ಕಡೆಗೇ ಎಳೆಯತೊಡಗಿತು. ಅಲ್ಲಿ ಮೆಣಸಿನ ಸಾರಿಗೆ ಒಗ್ಗರಣೆ ಬೀಳುತ್ತಿತ್ತು. ತುಪ್ಪದಲ್ಲಿ ಜೀರಿಗೆ ಸಿಡಿಯುವ ಸದ್ದಿಗೆ ಬಾಯಲ್ಲಿ ನೀರೂರಿ ನಾಚಿಕೆಯಾಯಿತು. ಜ್ವರದಲ್ಲಿ ನಾಲಗೆ ಸತ್ತುಹೋಗಿತ್ತು. ಬಾರ್ಲಿ ನೀರೂ ಔಷಧಿಯೂ ಒಂದೇ ಆಗಿದ್ದವು. ಎಲ್ಲಿ ಹೀಗೇ ಉಳಿದುಬಿಡುತ್ತದೋ ಎಂದು ಆಗ ಅವನು ಹೆದರಿದ್ದ, ಸಾಯುವುದಕ್ಕಿಂತ ಹೆಚ್ಚಾಗಿ ಹೆದರಿದ್ದ. ಈಗ ಅವಳು ತಟ್ಟೆಯಲ್ಲಿ ಮೆತ್ತಗೆ ಬೆಂದ ಅನ್ನ, ಅದರ ಮೇಲೆ ತಿಳಿಸಾರು, ಪಕ್ಕದಲ್ಲಿ ಚಿಟಿಕೆ ಹುರಿದ ಉಪ್ಪು ಇಟ್ಟು ತಂದು ಮುಂದಿಟ್ಟಳು. ಮೊದಲ ತುತ್ತು ಗಂಟಲಿಗಿಳಿಯುವ ಮೊದಲೇ ಕಿವಿಯ ಹಿಂದೆ ಬೆವರು ಒಡೆಯಿತು. ಹುಳಿ, ಖಾರ, ಬಿಸಿ ಮೂರೂ ಬೇರೆ ಬೇರೆಯಾಗಿ ಬಂದು ಆಮೇಲೆ ಒಂದಾದವು. ಅವನು ತಲೆಯೆತ್ತಿ, ಈ ಸಾರಿ ತಪ್ಪಬಾರದೆಂದು ಸಿದ್ಧಮಾಡಿಕೊಂಡು, ಸಾರು ಚೆನ್ನಾಗಿದೆ ಎಂದ.

ನೀಲಾಂಬಿಕೆ ಅವನ ಮುಖವನ್ನೊಮ್ಮೆ ನೋಡಿ, ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿ ನೋಡಿದಳು. “ಉಪ್ಪು ಕಮ್ಮಿ ಆಗಿದೆಯಾ? ಜಾಸ್ತಿ ಹಾಕಬೇಡಿ ಅಂದಿದ್ರು ಡಾಕ್ಟ್ರು, ಅದಕ್ಕೇ ಬಿಗಿ ಹಿಡಿದೆ” ಅಂದಳು.

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಅದಿದ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮದುವೆಯಾದಂದಿನಿಂದ ಈ ಮನೆಯಲ್ಲಿ ಊಟದ ಬಗ್ಗೆ ತಾನು ಬಾಯಿಬಿಟ್ಟದ್ದೆಲ್ಲ ಏನಾದರೂ ಕೆಟ್ಟಾಗ ಮಾತ್ರ, ಆದ್ದರಿಂದ ಬಾಯಿಬಿಟ್ಟರೆ ಏನೋ ಕೆಟ್ಟಿದೆ ಎಂದೇ ಅವಳ ಲೆಕ್ಕ ಎಂಬುದು ಅವನಿಗೆ ತುತ್ತು ಕೈಯಲ್ಲಿರುವಾಗಲೇ ಹೊಳೆಯಿತು. ಅವನು ಹೆಂಡತಿಗೆ ಹೊಡೆದವನಲ್ಲ, ಬೈದವನೂ ಅಲ್ಲ. ಸರಗೂರಿನ ಪೇಟೆಬೀದಿಯಲ್ಲಿ ಷಣ್ಮುಖಪ್ಪನೆಂದರೆ ಗಟ್ಟಿ ಮಾತಾಡದ ಮನುಷ್ಯ ಎಂದೇ ಹೆಸರು, ಒಳಗೊಳಗೆ ಅವನಿಗೂ ಆ ಹೆಮ್ಮೆಯಿತ್ತು. ಬೇಡವಾದದ್ದನ್ನು ಅವನು ಬೆರಳ ತುದಿಯಲ್ಲಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದ, ಅಷ್ಟೆ. ಈಗ ಉಪ್ಪು ಸರಿಯಾಗಿದೆ ಎಂದು ಹೇಳಿದರೆ ಅದನ್ನೂ ಅವಳು ಹೇಗೆ ತಿಳಿದುಕೊಳ್ಳುತ್ತಾಳೋ ಎಂದು ಅನುಮಾನವಾಗಿ ಸುಮ್ಮನೆ ಉಂಡ. ಒಂದು ಅಗುಳೂ ಬಿಡಲಿಲ್ಲ. ತಟ್ಟೆ ಎತ್ತುವಾಗಲಾದರೂ ಅವಳು ಗಮನಿಸಬಹುದೆಂದು ನೋಡಿದ. ಅವಳು ಗಮನಿಸಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಬಿಸಿಲೇರಿದ ಮೇಲೆ ಜಗಲಿಯಲ್ಲಿ ಕಂಬಕ್ಕೊರಗಿ ಕೂತ. ಬೀದಿಯ ಮಣ್ಣಿನಲ್ಲಿ ಗುಬ್ಬಚ್ಚಿಗಳು ಹೊಟ್ಟೆಯನ್ನು ನೆಲಕ್ಕೆ ಒತ್ತಿ, ರೆಕ್ಕೆಯಿಂದ ಧೂಳನ್ನು ಮೈಮೇಲೆ ಎರಚಿಕೊಂಡು ಉರುಳಾಡುತ್ತಿದ್ದವು. ಒಂದಂತೂ ಮಾಡಿಕೊಂಡ ಗುಂಡಿಯಲ್ಲಿ ಅಲುಗದೆ ಕೂತು, ಇನ್ನೊಂದು ಬಂದು ತಳ್ಳಿದರೂ ಏಳಲೊಲ್ಲದೆ ಹಟ ಮಾಡುತ್ತಿತ್ತು. ಅವನಿಗೆ ನಗು ಬಂತು. ಒಳಗೆ ತಿರುಗಿ, ಇಲ್ಲಿ ಬಾ ಎಂದು ಕರೆಯಲು ಬಾಯಿ ತೆರೆದ. ಹಾಗೆ ಕರೆಯುವುದು ಹೇಗೆಂದು ತಿಳಿಯಲಿಲ್ಲ. ಅಂಗಡಿಗೆ ಹೊರಡುವಾಗ ಛತ್ರಿಗೆ ಕರೆಯುತ್ತಾನೆ, ನೆಂಟರು ಬಂದರೆ ನೀರಿಗೆ ಕರೆಯುತ್ತಾನೆ. ಗುಬ್ಬಚ್ಚಿಗೆ ಹೇಗೆ ಕರೆಯುವುದು. ಅವಳಿಗಾದರೆ ಅದು ಬರುತ್ತಿತ್ತು. ‘ಒಂದು ಗಳಿಗೆ ಬನ್ನಿ ಇಲ್ಲಿ’ ಎಂದು ಹಿತ್ತಿಲಿನಿಂದ, ಅಡುಗೆಮನೆಯಿಂದ, ಅಟ್ಟದ ಏಣಿಯ ಮೇಲಿನಿಂದ ಕರೆಯುತ್ತಿದ್ದಳು. ಹೋದರೆ ಅಲ್ಲಿ ಏನೂ ಇರುತ್ತಿರಲಿಲ್ಲ. ಹೆಪ್ಪು ಹಾಕಿದ ಮೊಸರು ಸೌಟಿಗೆ ಹೇಗೆ ಕತ್ತರಿಸಿದ ಹಾಗೆ ಬರುತ್ತಿದೆ ನೋಡಿ ಎನ್ನುವಳು. ಹೊಸ ಮಡಕೆಗೆ ನೀರು ತುಂಬಿದರೆ ಹೊರಗೆಲ್ಲ ಹೇಗೆ ಬೆವರುತ್ತದೆ, ಮುಟ್ಟಿ ನೋಡಿ ಎನ್ನುವಳು. ಕೆಂಡದ ಮೇಲೆ ಅಂಗೈಯಷ್ಟಗಲದ ರೊಟ್ಟಿ ಪೂರ್ತಿ ಉಬ್ಬಿ ನಿಂತಾಗ ಅದು ಇಳಿದುಹೋಗುವ ಮೊದಲೇ ಅವನು ಬರಬೇಕೆಂದು ಒಂದು ಕೈಯಲ್ಲಿ ಚಿಮಟ ಹಿಡಿದು ಕೂಗುವಳು. ಮಗಳು ಮಂಗಳಗೌರಿ ಚಿಕ್ಕವಳಾಗಿದ್ದಾಗ ಕರೆದ ಕೂಡಲೇ ಓಡುತ್ತಿದ್ದಳು. ಈಗ ಅವಳು ಹುಣಸೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಜ್ವರ ಹೆಚ್ಚಾಗಿದ್ದಾಗ ಬಂದಿದ್ದು ಹೋದಳು. ಅವನು ಮಾತ್ರ ಹೋಗುತ್ತಿದ್ದುದು ತಡವಾಗಿ, ಹುಬ್ಬು ಗಂಟಿಕ್ಕಿಕೊಂಡು. ಅಷ್ಟು ಹೊತ್ತಿಗೆ ರೊಟ್ಟಿ ಇಳಿದಿರುತ್ತಿತ್ತು. ಇದಕ್ಕೇನಾ ಕರೆದದ್ದು ಎನ್ನುತ್ತಿದ್ದ. ಅವಳು ಅದಕ್ಕೂ ಬೇಸರಪಟ್ಟುಕೊಳ್ಳದೆ, ಇನ್ನೊಂದು ಉಬ್ಬುತ್ತದೆ ತಾಳಿ ಎನ್ನುತ್ತಿದ್ದಳು. ತಾಳುವಷ್ಟು ಪುರುಸೊತ್ತು ತನಗೆ ಯಾಕಿರಲಿಲ್ಲ ಎಂದು ಈಗ ಕೇಳಿಕೊಂಡರೆ ಅಂಥ ಯಾವ ಕೆಲಸವೂ ನೆನಪಿಗೆ ಬರುವುದಿಲ್ಲ.

ಹಾಗೆ ಕರೆಯುವುದು ಎಂದು ನಿಂತಿತೆಂಬುದು ಮಾತ್ರ ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಗೊತ್ತಿಲ್ಲದವನ ಹಾಗೆ ಇಷ್ಟು ವರ್ಷ ನಡೆದುಕೊಂಡಿದ್ದ. ಜ್ವರ ಆ ನೆನಪಿನ ಬಾಗಿಲನ್ನು ಒದ್ದು ತೆಗೆದುಬಿಟ್ಟಿತ್ತು. ಅದು ಕೃಷ್ಣರಾಜನಗರದಲ್ಲಿ ಅವನ ಅಕ್ಕನ ಗಂಡ ಸಿದ್ದಮಲ್ಲಪ್ಪ ಅಕ್ಕಿ ಗಿರಣಿ ಹಾಕಿದ ವರ್ಷ. ಗಿರಣಿಯ ಪೂಜೆಗೆಂದು ಗಂಡಹೆಂಡಿರಿಬ್ಬರೂ ಹೋಗಿದ್ದರು. ಊಟವಾದ ಮೇಲೆ ನಡುಮನೆಯಲ್ಲಿ ಜಮಖಾನದ ಮೇಲೆ ವ್ಯಾಪಾರಸ್ಥರು, ಅಮಲ್ದಾರರ ಕಚೇರಿಯವರು, ಊರಿನ ದೊಡ್ಡವರು ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಭಾವ ಎಲ್ಲರಿಗೂ ಇವನನ್ನು ತೋರಿಸಿ, ಸರಗೂರಿನ ಬಟ್ಟೆ ಅಂಗಡಿ ಷಣ್ಮುಖಪ್ಪನವರು ಎಂದು ಹೇಳಿದ್ದರಿಂದ ಇವನು ಬೆನ್ನು ನೆಟ್ಟಗೆ ಮಾಡಿಕೊಂಡು, ಕಡಿಮೆ ಮಾತಾಡುತ್ತ, ಆಡಿದ್ದನ್ನು ತೂಕವಾಗಿ ಆಡುತ್ತ ಕೂತಿದ್ದ. ಹೆಂಗಸರೆಲ್ಲ ರೈಲು ನೋಡಲು ಸ್ಟೇಷನ್ನಿನ ಕಡೆ ಹೋಗಿದ್ದರು. ನೀಲಾಂಬಿಕೆ ರೈಲನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಹಿಂದಿರುಗಿ ಬಂದವಳು ಹಿಂಬಾಗಿಲಿನಿಂದ ಒಳಗೆ ಹೋಗಬೇಕಾದ್ದು, ಅದು ಮರೆತು, ನೇರ ನಡುಮನೆಗೇ ಬಂದುಬಿಟ್ಟಳು. ಮುಖ ಕೆಂಪಾಗಿತ್ತು, ಹಣೆಯ ವಿಭೂತಿ ಬೆವರಿಗೆ ಕದಡಿತ್ತು. ಅಷ್ಟು ಜನ ಗಂಡಸರ ನಡುವೆ ಅವಳಿಗೆ ಇವನೊಬ್ಬನೇ ಕಂಡದ್ದು. ರೈಲಿನ ಕಿಟಕಿಯಲ್ಲಿ ಯಾರೋ ಒಬ್ಬಳು ಕೂತಿದ್ದಳಂತೆ, ಕಡಲೆಕಾಯಿ ಸುಲಿದು ತಿನ್ನುತ್ತಿದ್ದಳಂತೆ, ಇವಳನ್ನು ನೋಡಿದವಳೇ ಕೈ ಬೀಸಿದಳಂತೆ. “ಅವಳ್ಯಾರೋ, ನಾನ್ಯಾರೋ. ಕಾಣೋ ತನಕ ಬೀಸ್ತಾನೇ ಇದ್ಳು ಕಣ್ರೀ, ನಾನೂ ಬೀಸ್ದೆ” ಎಂದು ಕೈಯೆತ್ತಿ ತೋರಿಸಿದಳು. ಬಳೆಗಳು ಸರಿದು ಮೊಣಕೈಗೆ ಬಿದ್ದವು.

ಯಾರೋ ಕೆಮ್ಮಿದರು. ಇವನಿಗೆ ಕಿವಿ ಬಿಸಿಯಾಯಿತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು, ಏನಾದರೂ ಹೇಳಲೇಬೇಕೆಂದು, ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಗೆ ಸರಿಸಿ, “ನಮ್ಮನೇಲಿ ದಿನಾ ಹಿಂಗೇ. ಕಾಗೆ ಬಂದು ಕೂತ್ರೂ ವರದಿ ಒಪ್ಪಿಸ್ತಾಳೆ. ಮಗಳು ದೊಡ್ಡೋಳಾದ್ಳು, ಇವಳೊಬ್ಳನ್ನ ಇನ್ನೂ ಸಾಕ್ತಾ ಇದೀನಿ” ಎಂದುಬಿಟ್ಟ. ಜಮಖಾನವೆಲ್ಲ ನಕ್ಕಿತು. ಭಾವ ತೊಡೆ ತಟ್ಟಿಕೊಂಡು ನಕ್ಕರು. ಇಡೀ ದಿನ ಅವನಾಡಿದ ಮಾತುಗಳಲ್ಲಿ ಜನ ಮೆಚ್ಚಿದ್ದು ಅದೊಂದೇ. ನೀಲಾಂಬಿಕೆಯೂ ನಕ್ಕಳು. ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು, ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡು, ಅವರೆಲ್ಲರ ಜೊತೆಗೆ ತಾನೂ ತನ್ನನ್ನೇ ಆಡಿಕೊಂಡು ನಕ್ಕಳು. ಅವಳು ಅತ್ತಿದ್ದರೆ ಅವನು ಮರೆತುಬಿಡುತ್ತಿದ್ದನೇನೋ. ಜ್ವರದ ಮಂಪರಿನಲ್ಲಿ ಅವನಿಗೆ ಮತ್ತೆ ಮತ್ತೆ ಕಂಡದ್ದು ಬಾಗಿಲಿನ ಚೌಕಟ್ಟಿಗಾಗಿ ತಡಕಾಡಿದ ಆ ಕೈ. ಮಾರನೆಯ ದಿನ ಬಸ್ಸಿನಲ್ಲಿ ಊರಿಗೆ ವಾಪಸಾಗುವಾಗ ಅವಳು ಕಿಟಕಿಯ ಪಕ್ಕ ಕೂತಿದ್ದಳು. ದಾರಿಯುದ್ದಕ್ಕೂ ಹೊಂಗೆ ಚಿಗುರಿತ್ತು. ಸರಗೂರು ಹತ್ತಿರವಾಗಿ ಕಪಿಲೆ ಹೊಳೆಯ ನೀರು ಬಿಸಿಲಿಗೆ ಥಳಥಳಿಸಿದಾಗ ಪ್ರತಿ ಸಲವೂ ಅವನ ತೋಳು ಹಿಡಿದು ಅಲ್ಲಾಡಿಸುತ್ತಿದ್ದವಳು ಆವತ್ತು ಅಲ್ಲಾಡಿಸಲಿಲ್ಲ. ತಲೆನೋಯುತ್ತಿದ್ದ ಅವನಿಗೆ ಒಳ್ಳೆಯದೇ ಆಯಿತು ಅನ್ನಿಸಿತ್ತು. ತಿಂಗಳುಗಳು ಕಳೆದ ಮೇಲೆ, ಮನೆ ನಿಶ್ಶಬ್ದವಾಗಿರುವುದು ಅರಿವಿಗೆ ಬಂದಾಗ, ವಯಸ್ಸಾಗುತ್ತಿದೆ, ಬುದ್ಧಿ ಬಂದಿದೆ ಎಂದುಕೊಂಡ. ಅಕ್ಕನ ಹತ್ತಿರ ಹಾಗೆಂದು ಹೇಳಿಯೂ ಇದ್ದ.

ಕೊಂದುಬಿಟ್ಟೆ ಎಂದು ಜಗಲಿಯಲ್ಲಿ ಕೂತು ಅವನು ಯೋಚಿಸಿದ. ಅವಳೊಳಗೆ ಏನೋ ಒಂದು ಕುಣಿಯುತ್ತಿತ್ತು, ಅದನ್ನು ಒಂದು ಮಾತಿನಿಂದ ಕೊಂದುಬಿಟ್ಟೆ. ಹಾಗೆ ಯೋಚಿಸುವುದು ನೋವಾಗಿತ್ತು, ಆದರೆ ಆ ನೋವಿನಲ್ಲಿ ಒಂದು ಬಗೆಯ ರುಚಿಯೂ ಇತ್ತು. ಅಷ್ಟು ದೊಡ್ಡ ಕೇಡನ್ನು ಮಾಡುವ ಶಕ್ತಿ ತನಗಿತ್ತಲ್ಲ ಎಂಬ ರುಚಿ. ಅಂಗಡಿ ನೋಡಿಕೊಳ್ಳುತ್ತಿದ್ದ ದಾಯಾದಿ ಲಿಂಗಣ್ಣ ಯೋಗಕ್ಷೇಮ ವಿಚಾರಿಸಲು ಬಂದಾಗ, ಮೇಲಿನ ಹಲಗೆಯಲ್ಲಿರುವ ಗಿಳಿಹಸಿರು ಬಣ್ಣದ ಸೀರೆಯೊಂದನ್ನು ಕಳಿಸು ಎಂದು ಹೇಳಿದ. ಲಿಂಗಣ್ಣ ಅದನ್ನು ಕೂಡಲೇ ತಂದುಕೊಟ್ಟ. ಆ ಬಣ್ಣ ಅವಳಿಗಿಷ್ಟವೆಂದು ಅವನಿಗೆ ನೆನಪಿತ್ತು. ಹಿಂದೊಮ್ಮೆ ಅಂಗಡಿಗೆ ಬಂದವಳು ಅಂಥದೊಂದು ಸೀರೆಯನ್ನು ಬಾಗಿಲಿನ ಬೆಳಕಿಗೆ ಹಿಡಿದು, ಇದರ ಮೂಲಕ ನೋಡಿದರೆ ಬೀದಿಯೆಲ್ಲ ಭತ್ತದ ಗದ್ದೆಯ ಹಾಗೆ ಕಾಣುತ್ತದೆ ಎಂದಿದ್ದಳು, ಗಿರಾಕಿಗಳಿದ್ದಾರೆ ಎಂದು ಇವನು ಕಣ್ಸನ್ನೆ ಮಾಡಿದ್ದ. ಸೀರೆಯನ್ನು ಅವಳ ಕೈಗೆ ಕೊಟ್ಟ. ಬೆಳಕಿಗೆ ಹಿಡಿಯುತ್ತಾಳೇನೋ ಎಂದು ಕಾದ. ಅವಳು ಅಂಚನ್ನು ಬೆರಳಲ್ಲಿ ಸವರಿ, ಚೆನ್ನಾಗಿದೆ, ಹಬ್ಬಕ್ಕೆ ಉಟ್ಟುಕೊಳ್ಳುತ್ತೇನೆ ಎಂದು, ಮಡಿಕೆ ಕೆಡದ ಹಾಗೆ ಒಯ್ದು ಟ್ರಂಕಿನಲ್ಲಿಟ್ಟಳು. ಟ್ರಂಕಿನ ಮುಚ್ಚಳ ಬಿದ್ದ ಸದ್ದು ಕೇಳಿಸಿತು. ಆಮೇಲೆ ಬಂದು, ಬಿಸಿಲು ಕಾಲಿಗೆ ಬರುತ್ತಿದೆ, ಒಳಗೆ ಮಲಗಿಕೊಳ್ಳಿ ಎಂದಳು.

ಮಲಗಿದ್ದವನಿಗೆ ಜೊಂಪು ಹತ್ತಿತ್ತು. ಎಚ್ಚರವಾದಾಗ ಮನೆಯಲ್ಲಿ ಯಾರೋ ನಗುತ್ತಿದ್ದರು. ಮಧ್ಯಾಹ್ನದ ಈ ಹೊತ್ತಿನಲ್ಲಿ ಅವನು ಯಾವತ್ತೂ ಮನೆಯಲ್ಲಿದ್ದವನಲ್ಲ. ಬೆಳಗ್ಗೆ ಅಂಗಡಿಯ ಬೀಗ ತೆಗೆದರೆ ದೀಪ ಹಚ್ಚುವ ತನಕ ಅಲ್ಲೇ. ಊಟವೂ ಅಲ್ಲಿಗೇ ಹೋಗುತ್ತಿತ್ತು. ಜ್ವರದ ದಿನಗಳಲ್ಲಿ ನೀಲಾಂಬಿಕೆ ಹಾಸಿಗೆಯ ಪಕ್ಕ ಬಿಟ್ಟು ಏಳುತ್ತಿರಲಿಲ್ಲವಾದ್ದರಿಂದ ಮನೆಯ ಮಧ್ಯಾಹ್ನ ಹೇಗಿರುತ್ತದೆಂದು ಅವನಿಗೆ ತಿಳಿದೇ ಇರಲಿಲ್ಲ. ಬೇರೆ ಯಾರ ಮನೆಯಲ್ಲೋ ಮಲಗಿದ್ದೇನೆ ಅನ್ನಿಸಿತು. ಗೋಡೆ ಹಿಡಿದು ಎದ್ದು, ಅಡುಗೆಮನೆ ದಾಟಿ, ಹಿತ್ತಲ ಬಾಗಿಲ ಹತ್ತಿರ ಬಂದ. ಬಾಗಿಲು ಓರೆಯಾಗಿತ್ತು. ನುಗ್ಗೆಮರದ ನೆರಳಿನಲ್ಲಿ, ಒಗೆಯುವ ಕಲ್ಲಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಅವನ ಹೆಂಡತಿ ಕೂತಿದ್ದಳು. ನೆಲದಲ್ಲಿ ಮೊಸರಿನ ಮಡಕೆ ಪಕ್ಕಕ್ಕಿಟ್ಟುಕೊಂಡು ಕುಳ್ಳಮ್ಮ ಕೂತಿದ್ದಳು. ಹೊಳೆಯಾಚೆಯ ಹಳ್ಳಿಯ ಒಕ್ಕಲು ಹೆಂಗಸು. ಎರಡು ಎಮ್ಮೆ ಕಟ್ಟಿಕೊಂಡು ವರ್ಷಗಳಿಂದ ಈ ಮನೆಗೆ ಮೊಸರು ಹಾಕುತ್ತಿದ್ದಳು. ಇಬ್ಬರ ನಡುವೆ ಬಾಳೆಲೆಯ ಚೂರಿನ ಮೇಲೆ ಎಳೆ ಹುಣಿಸೆಕಾಯಿ, ಉಪ್ಪು, ಮೆಣಸಿನಕಾಯಿ.

ನೀಲಾಂಬಿಕೆ ಮಾತಾಡುತ್ತಿದ್ದಳು. ನುಗ್ಗೆಮರದಲ್ಲಿ ಪಿಕಳಾರ ಗೂಡು ಕಟ್ಟಲು ಅಂಗಡಿಯ ಬಟ್ಟೆಯ ದಾರವನ್ನೇ ಎತ್ತಿಕೊಂಡು ಹೋಗಿದೆಯೆಂದು, ಕೆಂಪು ದಾರವೇ ಅದಕ್ಕೆ ಬೇಕೆಂದು, ಬಿಳಿಯದನ್ನು ಇಟ್ಟು ನೋಡಿದರೆ ಮೂಸಿಯೂ ನೋಡಲಿಲ್ಲವೆಂದು ಹೇಳುತ್ತಿದ್ದಳು. ಹುಣಿಸೆಕಾಯಿ ಕಚ್ಚಿ ಒಂದು ಕಣ್ಣು ಮುಚ್ಚಿ ಮುಖವನ್ನೆಲ್ಲ ಸಣ್ಣದು ಮಾಡಿದಳು. ಕುಳ್ಳಮ್ಮ ತನ್ನ ಎಮ್ಮೆಯ ಕರು ಮೊದಲ ಸಲ ಹೊಳೆ ನೀರು ಕಂಡು ಹೆದರಿದ್ದನ್ನು ಹೇಳಿದಳು. ಹಾಗೆ ಒಬ್ಬರದಾದ ಮೇಲೆ ಒಬ್ಬರು ಹೇಳುತ್ತ ಹೋದರು. ಕುಳ್ಳಮ್ಮ ಯಜಮಾನರ ಮೈ ಹೇಗಿದೆಯೆಂದು ಕೇಳಿದಾಗ ನೀಲಾಂಬಿಕೆ ಧ್ವನಿ ತಗ್ಗಿಸಿ, ಆದರೆ ನಗು ತಡೆಯಲಾರದೆ, “ಇವತ್ತು ಮೈಗೆ ನೀರು ಹಾಕ್ದೆ ಕಣೆ. ಬೆನ್ನ ಮೇಲೆ ನೀರು ಬಿದ್ದಿದ್ದೇ ತಡ, ಎಳೆಕೂಸು ಮಾಡ್ದಂಗೆ ಕಣ್ಮುಚ್ಕೊಂಡ್ರು. ಪಕ್ಕೆಲುಬೆಲ್ಲ ಎಣಿಸಂಗೆ ಕಾಣ್ತಿದೆ, ಅದರ ಮೇಲೆ ಹಬೆ ಏಳ್ತಿತ್ತು. ಬದುಕಿದ್ರಲ್ಲ ಅನ್ನಿಸ್ತು. ಆ ನೀರು ಹರಿಯೋದನ್ನ ನೋಡ್ತಾ ನಂಗೆ ಕೈಯೇ ಆಡ್ಲಿಲ್ಲ” ಅಂದಳು. ಕುಳ್ಳಮ್ಮ, “ಅಂಗಂತ ಅವ್ರಿಗೇಳುದ್ರಾ ಅವ್ವ?” ಎಂದು ಕೇಳಿದಳು. “ಅವರಿಗಾ?” ಎಂದ ನೀಲಾಂಬಿಕೆ, ಹುಣಿಸೆಕಾಯಿಯನ್ನು ಉಪ್ಪಿಗೆ ಒತ್ತಿ, “ತಣ್ಣೀರು ಬೆರೆಸ್ಲಾ ಅಂದೆ” ಎಂದಳು. ಇಬ್ಬರೂ ನಕ್ಕರು.

ಬಾಗಿಲ ಹಿಂದೆ ಷಣ್ಮುಖಪ್ಪ ನಿಂತಿದ್ದ. ಏನೂ ಸತ್ತಿರಲಿಲ್ಲ. ಬೆಳಗಿನಿಂದ ತಾನು ಶೋಕಿಸುತ್ತಿದ್ದುದು ಈ ಹಿತ್ತಲಿನಲ್ಲಿ ದಿನಾ ಮಧ್ಯಾಹ್ನ ಹುಣಿಸೆಕಾಯಿ ತಿನ್ನುತ್ತ ನಗುತ್ತಿತ್ತು. ಅದನ್ನು ಕೊಲ್ಲುವ ಶಕ್ತಿ ಅವನಿಗೆ ಯಾವತ್ತೂ ಇರಲಿಲ್ಲ. ಅದು ಅವನಿದ್ದ ಕಡೆಯಿಂದ ಎದ್ದು ಬೇರೆ ಕಡೆ ಹೋಗಿ ಕೂತಿತ್ತು, ಅಷ್ಟೆ. ಕಳೆದುಕೊಂಡವನು ತಾನೊಬ್ಬನೇ. ಆ ಮಾತುಗಳಲ್ಲಿ ತನ್ನ ಬೆನ್ನೂ ಇತ್ತಲ್ಲ, ಹಬೆಯೂ ಇತ್ತಲ್ಲ ಎಂದು ನೆನೆದು ಒಂದು ಹೆಜ್ಜೆ ಮುಂದಿಟ್ಟ. ಬಾಗಿಲು ಹಿಡಿದುಕೊಳ್ಳಲು ಹೋದ. ಅದು ಕಿರುಗುಟ್ಟಿತು.

ಕುಳ್ಳಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. ನೀಲಾಂಬಿಕೆ ಕಲ್ಲಿನಿಂದ ಇಳಿದು, ಬಾಳೆಲೆಯನ್ನು ಮಡಚಿ ಬೆನ್ನ ಹಿಂದೆ ಹಿಡಿದಳು, ಕದ್ದು ತಿಂದವರ ಹಾಗೆ. ಹೊತ್ತಾಯಿತು ಬತ್ತೀನಿ ಕಣ್ರವ್ವ ಎಂದು ಮಡಕೆಯನ್ನು ತಲೆಯ ಸಿಂಬಿಯ ಮೇಲಿಟ್ಟುಕೊಂಡು ಕುಳ್ಳಮ್ಮ ಹಿತ್ತಲ ಗೇಟಿನಿಂದ ಹೊರಟುಹೋದಳು. ಏನಾದರೂ ಬೇಕಿತ್ತೇ ಎಂದು ನೀಲಾಂಬಿಕೆ ಕೇಳಿದಳು. ಮುಖದಲ್ಲಿ ನಗುವಿನ ಚೂರೊಂದು ಇನ್ನೂ ಉಳಿದಿತ್ತು. ಅವನು ನೋಡುತ್ತಿದ್ದಂತೆಯೇ ಅದು ಆರಿತು. ಅವನು ಅವಳು ಕೂತಿದ್ದ ಕಲ್ಲಿನ ಮೇಲೆ ಕೂತ. ಕಲ್ಲು ಬೆಚ್ಚಗಿತ್ತು. ಏನು ಮಾತಾಡುತ್ತಿದ್ದಿರಿ ಎಂದು ಕೇಳಿದ. ಏನಿಲ್ಲ, ಮೊಸರಿನ ಮಾತು ಎಂದಳು. ಮರದ ಕಡೆ ನೋಡುತ್ತ ಅವನು ಹೇಳಿದ:

“ಅವತ್ತು ಭಾವನ ಮನೇಲಿ ನಾನು ಹಂಗೆ ಅನ್ನಬಾರದಾಗಿತ್ತು. ರೈಲಿನ ವಿಷಯ.”

ಯಾವತ್ತು ಎಂದು ಅವಳು ಕೇಳಲಿಲ್ಲ. ಮಡಚಿದ ಬಾಳೆಲೆಯನ್ನು ಬಾಳೆಬುಡಕ್ಕೆ ಹಾಕಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಅದನ್ನ ಈಗ್ಯಾಕೆ ಎತ್ತೀರಿ ಬುಡಿ. ನಂಗೇನೂ ಕೋಪ ಇಲ್ಲ.”

“ಕೋಪ ಇಲ್ದಿದ್ರೆ ನಂಗೂ ಹೇಳು. ಕುಳ್ಳಮ್ಮಂಗೆ ಹೇಳೋದನ್ನ. ಎಲ್ಲಾನೂ.”

ಮರೆಸಿಟ್ಟದ್ದನ್ನು ಹುಡುಕುತ್ತಿರುವವಳ ಹಾಗೆ ಅವಳ ಹುಬ್ಬು ಕೂಡಿತು. ಕೊನೆಗೆ, “ಹೇಳಬಾರದು ಅಂತಲ್ಲ ಕಣ್ರೀ. ಮೊದಮೊದಲು ಹಟಕ್ಕೆ ಸುಮ್ಮನಿದ್ದೆ. ಆಮೇಲೆ ಹಟಾನೂ ಹೋಯ್ತು. ಈಗ ನಿಮ್ಮ ಹತ್ರ ಬಂದ್ರೆ ಬಾಯಿ ತಾನೇ ಮುಚ್ಕೊಂಡುಬಿಡುತ್ತೆ. ನಾನು ಮುಚ್ಚೋದಲ್ಲ” ಅಂದಳು. ತಪ್ಪು ತನ್ನದೇ ಎನ್ನುವಂಥ ಧ್ವನಿಯಲ್ಲಿ ಹೇಳಿದಳು. ಆಮೇಲೆ, ಕೇಳಿದ್ದಾನಲ್ಲ ಎಂದು, ನುಗ್ಗೆಯ ಮೇಲಿನ ಕೊಂಬೆ ತೋರಿಸಿ, ಅಲ್ಲಿ ಒಂದು ಪಿಕಳಾರ ಗೂಡು ಕಟ್ಟಿದೆ ಎಂದಳು. ಅವನು ಕತ್ತೆತ್ತಿ ನೋಡಿದ. ಹೌದು ಎಂದ. ದಾರದ ಮಾತು ಬರಲಿಲ್ಲ. ಕೆಂಪು ದಾರವಂತೆ ಎಂದು ತಾನೇ ಹೇಳಿಬಿಡೋಣವೆಂದುಕೊಂಡ; ಹೇಳಿದರೆ ಬಾಗಿಲ ಹಿಂದೆ ನಿಂತು ಕೇಳಿದ್ದು ಗೊತ್ತಾಗುತ್ತದೆಂದು ನಾಚಿ ಸುಮ್ಮನಾದ. ಇಬ್ಬರೂ ಎಲೆಗಳ ನಡುವೆ ಕಾಣದ ಗೂಡನ್ನು ಸ್ವಲ್ಪ ಹೊತ್ತು ನೋಡಿದರು. ನಿಮಗೆ ಗಂಜಿಯ ಹೊತ್ತಾಯಿತು ಎಂದು ಅವಳು ಒಳಗೆ ಹೋದಳು.

ಮಾರನೆಯ ದಿನ ಮಧ್ಯಾಹ್ನ ಅವನು ಮಲಗಲಿಲ್ಲ. ಚಾಪೆಯನ್ನು ಹಿತ್ತಲಿಗೇ ಹಾಕಿಸಿಕೊಂಡು ಕೂತ. ಅಭ್ಯಾಸವಾಗುತ್ತದೆ, ಜೊತೆಯಲ್ಲಿ ಕೂತು ಕೂತು ತನಗೂ ಅವರೊಳಗೆ ಒಂದು ಜಾಗವಾಗುತ್ತದೆ ಎಂದು ಆಸೆ. ಕುಳ್ಳಮ್ಮ ಬಂದವಳು ಗೇಟಿನಿಂದಲೇ ಅವನನ್ನು ಕಂಡು, ಮೊಸರು ಅಳೆದುಕೊಟ್ಟು, ನಿಂತಂತೆಯೇ ಹೊರಟುಹೋದಳು. ಮರುದಿನ ಕೂತುಕೋ ಎಂದು ಅವನೇ ಹೇಳಿದರೆ ಕೂತಳು, ಆದರೆ ಅಂಚಿನಲ್ಲಿ, ಮುಖ ತಗ್ಗಿಸಿ. ಅವನು ಎಮ್ಮೆ ಕರುವಿನ ಬಗ್ಗೆ ಕೇಳಿದ್ದಕ್ಕೆ ‘ಚೆನ್ನಾಗಿ ಅದೆ ಸ್ವಾಮಿ’ ಎಂದಳು. ಹಾಗೆಯೇ ಮತ್ತೂ ಕೆಲವು ದಿನ ನಡೆಯಿತು. ನೀಲಾಂಬಿಕೆ ಆ ಹೊತ್ತಿನಲ್ಲಿ ಅಕ್ಕಿ ಆರಿಸುವುದನ್ನೋ ಹಂಡೆ ಉಜ್ಜುವುದನ್ನೋ ಹಚ್ಚಿಕೊಳ್ಳತೊಡಗಿದಳು. ಅವನಿಗೆ ಮಾತ್ರ ಕಾಣುವುದೆಲ್ಲ ಕಂಡೇ ಕಾಣುತ್ತಿತ್ತು. ಹಂಡೆಗೆ ಹುಣಿಸೆಹಣ್ಣು ತಿಕ್ಕಿದಲ್ಲೆಲ್ಲ ತಾಮ್ರ ಹೇಗೆ ಹೊಸದಾಗಿ ಹುಟ್ಟಿಬರುತ್ತದೆ ಎಂಬುದು ಕಂಡಿತು, ಮೊರದಲ್ಲಿ ಅಕ್ಕಿ ಹಾರಿ ಬೀಳುವಾಗ ಒಂದು ಗಳಿಗೆ ಗಾಳಿಯಲ್ಲಿ ಬಟ್ಟೆಯ ಹಾಗೆ ಹರಡಿ ನಿಲ್ಲುವುದು ಕಂಡಿತು. ಅದನ್ನೆಲ್ಲ ಹೇಳಿದ ಕೂಡ. ಅವಳು ಕೆಲಸ ನಿಲ್ಲಿಸಿ ಮರ್ಯಾದೆಯಿಂದ ಕೇಳಿದಳು, ಹೌದಲ್ಲವೇ ಎಂದಳು. ಅಷ್ಟು ಸಿಕ್ಕಿದ್ದಕ್ಕೇ ಅವನು ಋಣಿಯಾಗಿದ್ದ. ಆದರೆ ಅವಳ ಮುಖ ದಿನದಿನಕ್ಕೆ ಬಾಡುತ್ತಿರುವುದೂ ಅವನ ಹೊಸ ಕಣ್ಣಿಗೆ ಕಾಣದೆ ಹೋಗಲಿಲ್ಲ. ಒಂದು ಮಧ್ಯಾಹ್ನ ಕುಳ್ಳಮ್ಮನ ಸದ್ದಿಗೆ ಅವಳು ತಟ್ಟನೆ ತಲೆಯೆತ್ತಿದಳು. ಆಮೇಲೆ ಇವನು ಚಾಪೆಯ ಮೇಲಿರುವುದನ್ನು ಕಂಡು ಮತ್ತೆ ಮೊರದ ಕಡೆ ಬಗ್ಗಿದಳು. ಆಗ ಅವನಿಗೆ ಅರ್ಥವಾಯಿತು. ಒಮ್ಮೆ ಭಾವನ ನಡುಮನೆಯಲ್ಲಿ ಮಾಡಿದ್ದನ್ನೇ ತಾನು ಈಗ ಹಿತ್ತಲಿನಲ್ಲಿ ಮಾಡುತ್ತಿದ್ದೇನೆ, ಈ ಸಲ ಪ್ರೀತಿಯಿಂದ. ಆಗ ಅವಳಿಗೆ ಎದ್ದು ಹೋಗಲು ಇನ್ನೊಂದು ಜಾಗವಾದರೂ ಇತ್ತು.

ಮರುದಿನ ಊಟವಾದ ಮೇಲೆ ಅವನು ಕೋಟು ಹಾಕಿಕೊಂಡು, ರುಮಾಲು ಸುತ್ತಿ, ಕೋಲು ಹಿಡಿದು ಅಂಗಡಿಗೆ ಹೊರಟ. ಈ ತಿಂಗಳು ಕಳೆಯುವ ತನಕ ಹೊರಗೆ ಕಾಲಿಡಬಾರದು ಎಂದು ಡಾಕ್ಟರು ಹೇಳಿದ್ದಾರೆಂದು ನೀಲಾಂಬಿಕೆ ತಡೆದಳು. ಕೂತು ಕೂತು ಬೇಸರವಾಗಿದೆ, ಲಿಂಗಣ್ಣನ ಜೊತೆ ಅಲ್ಲೇ ಒರಗಿಕೊಂಡಿರುತ್ತೇನೆ, ಸಂಜೆಗೆ ಬರುತ್ತೇನೆ ಎಂದ. ಅವಳು ಬಾಗಿಲ ತನಕ ಬಂದು, ಕೋಟಿನ ಮೇಲಿನ ಗುಂಡಿ ಹಾಕಿ, ನಿಧಾನವಾಗಿ ಹೋಗಿ ಎಂದಳು. ಅವಳ ಬೆರಳು ಗಂಟಲಿಗೆ ತಾಗಿತು. ಬೆರಳಲ್ಲಿ ಅರಿಶಿನದ ವಾಸನೆಯಿತ್ತು. ಅದನ್ನೂ ಹೇಳಬೇಕೆನಿಸಿತು. ಹೇಳಲಿಲ್ಲ.

ಬೀದಿಯ ತಿರುವಿನಲ್ಲಿ ಕುಳ್ಳಮ್ಮ ತಲೆಯ ಮೇಲೆ ಮಡಕೆ ಹೊತ್ತು ಎದುರಿಗೆ ಬಂದಳು. ಅವನಿಗೆ ದಾರಿಬಿಟ್ಟು ಗೋಡೆಯ ಕಡೆ ಸರಿದು ನಿಂತಳು. ಅವನೂ ನಿಂತ. ಕೋಲಿನಿಂದ ನೆಲ ಕೆದಕಿ, “ಮನೇಲಿ ಒಬ್ಳೇ ಇದಾಳೆ. ಹೋಗಿ ಕೂತ್ಕೊ. ನಾನು ಸಂಜೆ ಗಂಟ ಬರೋದಿಲ್ಲ” ಎಂದ. ಕುಳ್ಳಮ್ಮ ಅವನನ್ನು ಮೊದಲ ಸಲ ಮುಖವೆತ್ತಿ ನೋಡಿದಳು. ಏನೋ ಕೇಳುವವಳಿದ್ದಳು, ಕೇಳದೆ, ಆಗಲಿ ಸ್ವಾಮಿ ಎಂದು ಮುಂದೆ ಹೋದಳು.

ಅಂಗಡಿಗೆ ಹೋಗುವ ದಾರಿ ಅವನ ಮನೆಯ ಹಿಂದಿನ ಓಣಿಯನ್ನು ಬಳಸಿಕೊಂಡು ಹೋಗುತ್ತಿತ್ತು. ಹಿತ್ತಲ ಮಣ್ಣುಗೋಡೆಯ ಹತ್ತಿರ ಬರುವಷ್ಟರಲ್ಲಿ ಕಾಲು ಸೋತು, ಗೋಡೆಗೆ ಅಂಗೈ ಒತ್ತಿ ನಿಂತ. ಮಧ್ಯಾಹ್ನದ ಬಿಸಿಲನ್ನೆಲ್ಲ ಕುಡಿದು ಗೋಡೆ ಬಿಸಿಯಾಗಿತ್ತು. ಒಳಗೆ ಮಡಕೆ ಇಳಿಸಿದ ಸದ್ದಾಯಿತು. ಸ್ವಲ್ಪ ಹೊತ್ತು ಪಿಸುಮಾತು. ಆಮೇಲೆ ನೀಲಾಂಬಿಕೆಯ ಧ್ವನಿ ಎದ್ದಿತು. ಮಾತು ತಿಳಿಯಲಿಲ್ಲ, ಕಿವಿಗೊಟ್ಟರೆ ತಿಳಿಯುತ್ತಿತ್ತೇನೋ, ಅವನು ಕಿವಿಗೊಡಲಿಲ್ಲ. ಕೋಟಿನ ಮಾತಿರಬಹುದು, ರುಮಾಲಿನೊಳಗೆ ಮುಖ ಅಂಗೈಯಷ್ಟಾಗಿದೆ ಎಂಬ ಮಾತಿರಬಹುದು. ತನ್ನ ಮಾತೇ ಇರಬಹುದು. ಇದ್ದರೆ ಸಾಕು, ಇಲ್ಲದಿದ್ದರೂ ಸರಿ ಅನ್ನಿಸಿತು. ಆಮೇಲೆ ನಗು ಬಂತು. ಎಷ್ಟೋ ದಿನ ಕಟ್ಟಿಟ್ಟದ್ದು ಒಮ್ಮೆಲೇ ಬಿಟ್ಟಂಥ ನಗು, ಮೊದಲು ಒಬ್ಬರದು, ಮತ್ತೆ ಇಬ್ಬರದೂ. ಷಣ್ಮುಖಪ್ಪ ಕಣ್ಣು ಮುಚ್ಚಿ ನಿಂತ. ಎದೆಯೊಳಗೆ ನೋಯುತ್ತಿತ್ತು, ಆದರೂ ಅಲ್ಲಿಂದ ಕದಲಬೇಕೆನಿಸಲಿಲ್ಲ. ಇನ್ನೂ ನಿಂತರೆ ಇದೂ ಕದ್ದ ಹಾಗೆ ಎಂದುಕೊಂಡು ಗೋಡೆಯಿಂದ ಕೈ ತೆಗೆದ. ಅಂಗೈಗೆ ಕೆಮ್ಮಣ್ಣು ಮೆತ್ತಿತ್ತು. ಅದನ್ನು ಒರೆಸಿಕೊಳ್ಳದೆ, ಕೋಲು ಸದ್ದಾಗದಂತೆ ಎತ್ತಿ ಇಡುತ್ತ, ಪೇಟೆಯ ಕಡೆ ನಡೆದ.